ಫಿರಂಗಿ ಪ್ರತಿಮೆಗಳ ಸಂಗ್ರಹ: ಮೊದಲು ನೋಡಬೇಕಾದದ್ದು ಸಿಬ್ಬಂದಿಯನ್ನು

ತುಂಗಾತೀರ, ಶಿವಮೊಗ್ಗ

ಎರಡನೆಯ ಮಹಾಯುದ್ಧದ ಫಿರಂಗಿಗಳನ್ನೂ ಅವುಗಳ ಸಿಬ್ಬಂದಿಯನ್ನೂ ಬಣ್ಣ ಹಚ್ಚಿದ ಪುಟ್ಟ ಪ್ರತಿಮೆಗಳಾಗಿ ಸಂಗ್ರಹಿಸುವವರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆಂದು ಈಚೆಗೆ ತಿಳಿದು ಬಹಳ ಸಂತೋಷವಾಯಿತು. ಹೊಸದಾಗಿ ಆರಂಭಿಸಿದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ ಆಗಿರುವುದರಿಂದ ಉತ್ತರವನ್ನು ಎಲ್ಲರಿಗೂ ಕಾಣುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ: ಒಳ್ಳೆಯ ಸೆಟ್ ಯಾವುದೆಂದು ಗುರುತಿಸುವುದು ಹೇಗೆ?

ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಫಿರಂಗಿಯನ್ನಲ್ಲ, ಅದರ ಸುತ್ತ ನಿಂತವರನ್ನು. ಫಿರಂಗಿಯ ಅಳತೆಗಳು ನಕ್ಷೆಗಳಲ್ಲಿ ಸಿಗುತ್ತವೆ. ಇಂದಿನ ತಯಾರಕರಲ್ಲಿ ಹೆಚ್ಚಿನವರು ಅದನ್ನು ಸರಿಯಾಗಿಯೇ ಮಾಡುತ್ತಾರೆ. ಸಿಬ್ಬಂದಿಯ ವಿಷಯ ಹಾಗಲ್ಲ. ಒಂದು ಫಿರಂಗಿಯ ಬಳಿ ಇರುವ ಆರು ಮಂದಿ ಒಂದೇ ಕೆಲಸದ ಆರು ಭಾಗಗಳನ್ನು ಮಾಡುತ್ತಿರುತ್ತಾರೆ. ಪ್ರತಿಮೆಗಳ ಸೆಟ್ ಎಂದರೆ ಆ ಕೆಲಸದ ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿದ್ದು. ಆರೂ ಜನ ಅದೇ ಕ್ಷಣದಲ್ಲಿದ್ದಾರೆಯೇ ಎಂಬುದೇ ಪರೀಕ್ಷೆ.

ಬ್ರಿಟಿಷರ 25 ಪೌಂಡರ್ ಫಿರಂಗಿಯನ್ನೇ ತೆಗೆದುಕೊಳ್ಳೋಣ. ಸಂಗ್ರಹಕಾರರಲ್ಲಿ ಬಹುತೇಕ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ, ಮತ್ತು ಅದು ನಮ್ಮ ಸೇನೆಯ ಫಿರಂಗಿಯೂ ಆಗಿತ್ತು. 1965 ಮತ್ತು 1971ರ ಯುದ್ಧಗಳಲ್ಲಿಯೂ ಭಾರತೀಯ ರೆಜಿಮೆಂಟುಗಳು ಅದನ್ನು ಬಳಸಿದವು. ನಳಿಕೆಯ ಒಳವ್ಯಾಸ 87.6 ಮಿ.ಮೀ., ಗುಂಡಿನ ತೂಕ ಸುಮಾರು 11.3 ಕಿ.ಗ್ರಾಂ., ಹೊಡೆಯುವ ದೂರ 12 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರ ಕೆಳಗಿರುವ ದುಂಡನೆಯ ಉಕ್ಕಿನ ವೇದಿಕೆಯ ಮೇಲೆ ಚಕ್ರಗಳನ್ನು ನಿಲ್ಲಿಸಿ ಬಾಲವನ್ನು ಎತ್ತಿ ತಿರುಗಿಸಿದರೆ ಫಿರಂಗಿಯನ್ನು ಯಾವ ದಿಕ್ಕಿಗೆ ಬೇಕಾದರೂ ಬೇಗನೆ ಹೊರಳಿಸಬಹುದು. ಸಿಬ್ಬಂದಿಯಲ್ಲಿ ಒಂದನೆಯವನು ಸಾರ್ಜೆಂಟ್, ಇಡೀ ಫಿರಂಗಿಯ ಹೊಣೆ ಅವನದು. ಎರಡನೆಯವನು ಬಲಗಡೆ ನಿಂತು ನಳಿಕೆಯ ಹಿಂಬದಿಯ ಬಾಗಿಲನ್ನು, ಅಂದರೆ ಬ್ರೀಚನ್ನು, ತೆರೆದು ಮುಚ್ಚುತ್ತಾನೆ, ಗುಂಡನ್ನು ಒಳಕ್ಕೆ ದೂಡುವವನೂ ಅವನೇ. ಮೂರನೆಯವನು ಎಡಗಡೆಯ ಆಸನದಲ್ಲಿ ಕುಳಿತು ಗುರಿ ಕೂಡಿಸಿ ಹೊಡೆಯುತ್ತಾನೆ. ನಾಲ್ಕನೆಯವನು ಗುಂಡು ತುಂಬುತ್ತಾನೆ. ಐದನೆಯ ಮತ್ತು ಆರನೆಯವರು ಮದ್ದುಗುಂಡುಗಳನ್ನು ಸಿದ್ಧಗೊಳಿಸುತ್ತಾರೆ. ಆರನೆಯವನೇ ಒಂದನೆಯವನ ನಂತರದ ಅಧಿಕಾರಿ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಈ ಫಿರಂಗಿಯಲ್ಲಿ ಗುಂಡು ಬೇರೆ, ಮದ್ದು ತುಂಬಿದ ಹಿತ್ತಾಳೆಯ ತೋಟೆ ಬೇರೆ. ಮೊದಲು ಗುಂಡು ಒಳಗೆ ಹೋಗಬೇಕು, ಅದನ್ನು ಬಲವಾಗಿ ದೂಡಿ ಕೂಡಿಸಬೇಕು, ಆಮೇಲೆ ತೋಟೆ, ಆಮೇಲೆ ಬ್ರೀಚ್ ಮುಚ್ಚುವುದು. ಹೀಗಿರುವಾಗ ಬ್ರೀಚ್ ಮುಚ್ಚಿದ ಫಿರಂಗಿಯ ಪಕ್ಕದಲ್ಲಿ ಎರಡನೆಯವನು ದೂಡುಗೋಲನ್ನು ಮುಂದಕ್ಕೆ ಚಾಚಿ ನಿಂತಿದ್ದರೆ ಆ ಶಿಲ್ಪಿಗೆ ಕೆಲಸದ ಕ್ರಮ ತಿಳಿದಿಲ್ಲವೆಂದೇ ಅರ್ಥ. ಗುರಿಕಾರನ ಕೈ ಹೊಡೆಯುವ ಸನ್ನೆಯ ಮೇಲಿದ್ದು, ಅದೇ ಹೊತ್ತಿಗೆ ತುಂಬುವವನು ಬ್ರೀಚಿನ ಹಿಂದೆ ಬಾಗಿದ್ದರೂ ಅಷ್ಟೇ. ಹಿಮ್ಮೆಟ್ಟುವ ನಳಿಕೆ ಅವನ ಎದೆಗೆ ಬಡಿಯುತ್ತದೆ. ಇಂಥ ಸೆಟ್‌ನಲ್ಲಿ ಮುಖದ ಬಣ್ಣ ಎಷ್ಟೇ ಸೊಗಸಾಗಿರಲಿ, ನನ್ನ ಬೀರುವಿನಲ್ಲಿ ಅದಕ್ಕೆ ಜಾಗವಿಲ್ಲ.

ನನ್ನ ಬಳಿ ಇರುವ 54 ಮಿ.ಮೀ. ಸೆಟ್ ಒಂದರಲ್ಲಿ ಬ್ರೀಚ್ ತೆರೆದಿದೆ. ನಾಲ್ಕನೆಯವನ ಎರಡೂ ಕೈಗಳು ಖಾಲಿಯಾಗಿವೆ, ಏಕೆಂದರೆ ಗುಂಡನ್ನು ಆಗತಾನೇ ಒಳಗಿಟ್ಟಿದ್ದಾನೆ. ಅವನ ಬೆರಳುಗಳು ಇನ್ನೂ ಗುಂಡಿನ ದುಂಡಿಗೆ ತಕ್ಕಂತೆ ಬಾಗಿಯೇ ಇವೆ. ಎರಡನೆಯವನ ಭಾರವೆಲ್ಲ ಮುಂದಿನ ಕಾಲಿನ ಮೇಲೆ ಬಿದ್ದಿದೆ. ಹಿಂದೆ ಐದನೆಯವನು ತೋಟೆಯನ್ನು ತೋಳಿನ ಮೇಲೆ ಮಲಗಿಸಿಕೊಂಡು ಹೆಜ್ಜೆ ಕೀಳುತ್ತಿದ್ದಾನೆ. ಇನ್ನು ಮೂರು ಸೆಕೆಂಡಿಗೆ ಏನಾಗಲಿದೆ ಎಂಬುದು ನೋಡುವವರಿಗೆ ಗೊತ್ತಾಗುತ್ತದೆ. ಒಳ್ಳೆಯ ಸೆಟ್ ಎಂದರೆ ಇದು.

ಅಳತೆಯ ಬಗ್ಗೆ ಎರಡೇ ಮಾತು. 54 ಮಿ.ಮೀ. ಎಂದರೆ ಸರಿಸುಮಾರು 1:32ರ ಪ್ರಮಾಣ. ಹಾಂಗ್‌ಕಾಂಗ್‌ನ ಕಿಂಗ್ ಅಂಡ್ ಕಂಟ್ರಿ ಮತ್ತು ಈಗಿನ ಡಬ್ಲ್ಯೂ. ಬ್ರಿಟನ್ ಸಂಸ್ಥೆಗಳದು 1:30. ಜಪಾನಿನ ತಮಿಯಾ ಸಂಸ್ಥೆಯ ಜೋಡಿಸುವ ಕಿಟ್‌ಗಳು 1:35. ಇವನ್ನು ಒಂದೇ ನೆಲದ ಮೇಲೆ ಬೆರೆಸಿದರೆ ಸೈನಿಕರ ಎತ್ತರದ ಅಂತರ ತಕ್ಷಣ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಆರಂಭದಲ್ಲಿಯೇ ಒಂದನ್ನು ಆರಿಸಿಕೊಳ್ಳಿ.

ನಿವೃತ್ತ ಗನ್ನರ್, ಹೊಸನಗರ

ತುಂಗಾತೀರ ಅವರಿಗೆ ನಮಸ್ಕಾರ. ನಾನು ನಾಸಿಕ್ ರೋಡ್ ಕ್ಯಾಂಪಿನಲ್ಲಿ ತರಬೇತಿ ಪಡೆದು 105 ಮಿ.ಮೀ. ಫೀಲ್ಡ್ ಗನ್ನಿನ ಮೇಲೆ ಸೇವೆ ಸಲ್ಲಿಸಿದವನು. ನಿಮ್ಮ ಪರೀಕ್ಷೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಪ್ರತಿಯೊಬ್ಬನ ಕಣ್ಣು ಎಲ್ಲಿದೆ ಎಂದು ನೋಡಿ.

ಅಂಗಡಿಯಲ್ಲಿ ಸಿಗುವ ಎಷ್ಟೋ ಸೆಟ್‌ಗಳಲ್ಲಿ ಎಲ್ಲರೂ ನಳಿಕೆ ತೋರಿಸುವ ಕಡೆಗೆ, ದೂರದ ಶತ್ರುವನ್ನು ದಿಟ್ಟಿಸುವಂತೆ ನಿಂತಿರುತ್ತಾರೆ. ಮೈದಾನದ ಫಿರಂಗಿಯವರಿಗೆ ಸಾಮಾನ್ಯವಾಗಿ ಶತ್ರು ಕಾಣುವುದೇ ಇಲ್ಲ. ಅವನು ಗುಡ್ಡದ ಆಚೆ, ಎಷ್ಟೋ ಕಿಲೋಮೀಟರ್ ದೂರದಲ್ಲಿರುತ್ತಾನೆ. ಮುಂದಿನ ಸಾಲಿನಲ್ಲಿರುವ ವೀಕ್ಷಣಾಧಿಕಾರಿ ಗುರಿಯನ್ನು ಕಂಡು ಸುದ್ದಿ ಕಳಿಸುತ್ತಾನೆ, ಕಮಾಂಡ್ ಪೋಸ್ಟಿನಲ್ಲಿ ಲೆಕ್ಕ ಹಾಕುತ್ತಾರೆ, ಫಿರಂಗಿಯ ಬಳಿಗೆ ಬರುವುದು ಅಂಕಿಗಳು ಮಾತ್ರ. ಗುರಿಕಾರನು ಡಯಲ್ ಸೈಟ್ ಎಂಬ ಗುರಿ ಕೂಡಿಸುವ ಉಪಕರಣದಲ್ಲಿ ನೋಡುವುದು ಶತ್ರುವನ್ನಲ್ಲ. ನೆಟ್ಟ ಕೋಲುಗಳನ್ನೋ ಮೊದಲೇ ನಿಗದಿಪಡಿಸಿದ ಒಂದು ಗುರುತನ್ನೋ ನೋಡುತ್ತಾನೆ. ಅದು ಪಕ್ಕದಲ್ಲಿರಬಹುದು, ಬೆನ್ನ ಹಿಂದೆಯೂ ಇರಬಹುದು. ಹಾಗಾಗಿ ಗುರಿಕಾರನ ಕಣ್ಣು ಸೈಟಿನ ಮೇಲಿರಬೇಕು, ತುಂಬುವವನ ಕಣ್ಣು ಬ್ರೀಚಿನ ಮೇಲೆ, ಒಂದನೆಯವನ ಕಣ್ಣು ತನ್ನ ಜನರ ಮೇಲೆ. ಮುಂದಕ್ಕೆ ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೀಗೆ ತಲೆಗಳು ಬೇರೆ ಬೇರೆ ಕಡೆಗೆ ತಿರುಗಿರುವ ಸೆಟ್ ಕಂಡರೆ, ಅದನ್ನು ಮಾಡಿದವರು ಯಾರೋ ಗನ್ನರನ ಮಾತು ಕೇಳಿ ಮಾಡಿದ್ದಾರೆಂದು ನನಗೆ ಅನ್ನಿಸುತ್ತದೆ.

ಇಂದಿನ ಪ್ರತಿಮೆಗಳ ಸಂಗ್ರಹದಲ್ಲಿ ಬೋಫೋರ್ಸ್ ಕೂಡ ಇರಬೇಕೆಂದು ನನ್ನ ಆಸೆ. 1986ರಲ್ಲಿ 410 ಫಿರಂಗಿಗಳಿಗೆ ಒಪ್ಪಂದವಾಯಿತು. ಕಾರ್ಗಿಲ್‌ನಲ್ಲಿ 1999ರಲ್ಲಿ ಅವು ಎದುರಿನ ಶಿಖರಗಳ ಮೇಲಿನ ಬಂಕರುಗಳನ್ನು ಕಣ್ಣಳತೆಯಲ್ಲಿಯೇ ನೇರವಾಗಿ ಹೊಡೆದವು. ಮೇಲೆ ಹೇಳಿದ ನಿಯಮಕ್ಕೆ ಅದೇ ಅಪವಾದ. ಅಲ್ಲಿ ಸಿಬ್ಬಂದಿ ಮುಂದಕ್ಕೆ ನೋಡುತ್ತಿದ್ದರೆ ತಪ್ಪಲ್ಲ. ಬೋಫೋರ್ಸಿನ 155 ಮಿ.ಮೀ.ನ ಒಂದು ಗುಂಡು 43 ಕಿ.ಗ್ರಾಂ. ತೂಗುತ್ತದೆ. ಅದನ್ನು ಹೊತ್ತವನ ಬೆನ್ನು ನೆಟ್ಟಗಿರುವಂತೆ ಕೆತ್ತಿದರೆ ನಂಬುವುದು ಕಷ್ಟ.

ಮಳೆಸೀಮೆ, ಆಗುಂಬೆ ಹತ್ತಿರ

ಇಬ್ಬರ ಬರಹವೂ ಬಹಳ ಉಪಯುಕ್ತವಾಗಿದೆ. ನನ್ನ ಪ್ರಶ್ನೆ ಬೇರೆ. ನಮ್ಮ ಮಾವನವರ ಕಾಲದ ಹಳೆಯ ಸೀಸದ ಸೈನಿಕರು ಮತ್ತು ಒಂದು ಪುಟ್ಟ ಫಿರಂಗಿ ಮನೆಯಲ್ಲಿವೆ. ಆರಿದ್ರಾ ಮಳೆ ಹಿಡಿದ ಮೇಲೆ ಅವುಗಳ ಬುಡದಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡಿದೆ. ಬೂಷ್ಟು ಎಂದು ಒರೆಸಿದರೆ ಮತ್ತೆ ಬರುತ್ತಿದೆ. ಇವು ಇರುವುದು ಹೊಸದಾಗಿ ಮಾಡಿಸಿದ ಪ್ಲೈವುಡ್ ಬೀರುವಿನಲ್ಲಿ. ಅಡಿಗೆಮನೆಯ ಅಟ್ಟದಲ್ಲಿಟ್ಟರೆ ಒಣಗಿಯೇ ಇರುತ್ತವೆಂದು ಮನೆಯವರು ಹೇಳುತ್ತಾರೆ. ಏನು ಮಾಡಬೇಕು?

ಎರಕದ ಮನೆ, ಭದ್ರಾವತಿ

ಮೇಡಂ, ಅಟ್ಟಕ್ಕೆ ಖಂಡಿತ ಏರಿಸಬೇಡಿ. ಕಾರಣ ಹೇಳುತ್ತೇನೆ.

ಅದು ಬೂಷ್ಟಲ್ಲ. ಸೀಸವು ಹುಳಿ ಆವಿಗೆ ಸಿಕ್ಕಿ ಕೊಳೆಯುತ್ತಿರುವುದು. ವಿನೆಗರ್‌ನಲ್ಲಿರುವ ಅಸೆಟಿಕ್ ಆಮ್ಲ ಮರದಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿದ್ದು, ಮುಚ್ಚಿದ ಬೀರುವಿನೊಳಗೆ ಆವಿಯಾಗಿ ತುಂಬಿಕೊಳ್ಳುತ್ತದೆ. ಓಕ್ ಮರ ಇದಕ್ಕೆ ಕುಪ್ರಸಿದ್ಧ. ಹೊಸ ಪ್ಲೈವುಡ್ ಮತ್ತು ಎಂ.ಡಿ.ಎಫ್. ಹಲಗೆಗಳಿಂದಲೂ ಅಂಥ ಆಮ್ಲಗಳ ಆವಿ ಹೊರಡುತ್ತದೆ, ಕೆಲವು ರಟ್ಟಿನ ಪೆಟ್ಟಿಗೆಗಳಿಂದಲೂ ಹೊರಡುತ್ತದೆ. ಈ ಆವಿ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಸೀಸವನ್ನು ಬಿಳಿಯ ಕಾರ್ಬೊನೇಟ್ ಪುಡಿಯಾಗಿ ಮಾರ್ಪಡಿಸುತ್ತವೆ. ಒಮ್ಮೆ ಆರಂಭವಾದರೆ ಒಳಗೊಳಗೇ ಮುಂದುವರಿಯುತ್ತದೆ, ಬಣ್ಣದ ಪದರ ಉಬ್ಬಿ ಉದುರುತ್ತದೆ. ಸೌದೆಯ ಹೊಗೆಯಲ್ಲಿಯೂ ಇದೇ ಅಸೆಟಿಕ್ ಆಮ್ಲವಿದೆ. ಅಡಿಕೆ, ಮೆಣಸು, ಬಿತ್ತನೆಯ ಬೀಜಗಳನ್ನು ಕಾಪಾಡುವ ಹೊಗೆ ಅಟ್ಟವು ಸೀಸಕ್ಕೆ ಮಾತ್ರ ಶತ್ರು.

ಆ ಪುಡಿ ವಿಷ. ಬಾಯಿಂದ ಊದಬೇಡಿ, ಬರಿಗೈಯಲ್ಲಿ ಒರೆಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೈಗವಸು ಮತ್ತು ಮಾಸ್ಕ್ ಧರಿಸಿ, ಸ್ವಲ್ಪ ಒದ್ದೆ ಮಾಡಿದ ಮೃದು ಕುಂಚದಿಂದ ತೆಗೆದು, ಚೆನ್ನಾಗಿ ಒಣಗಿಸಿ, ಆ ಬೀರುವಿನಿಂದ ಹೊರಗಿಡಿ. ಗಾಜು ಮತ್ತು ಲೋಹದ ಪೆಟ್ಟಿಗೆ ಅತ್ಯುತ್ತಮ. ಅದಿಲ್ಲದಿದ್ದರೆ ಪಾಲಿಪ್ರೊಪಿಲೀನ್ ಡಬ್ಬಿಯೂ ಆಗುತ್ತದೆ. ಪುಡಿ ಎಷ್ಟು ಆಳಕ್ಕೆ ಹೋಗಿದೆಯೆಂದು ನೋಡದೆ ಮೇಲೆ ವಾರ್ನಿಷ್ ಬಳಿಯುವುದರಿಂದ ಪ್ರಯೋಜನವಿಲ್ಲ.

ನಾನು ಎರಕದ ಕೆಲಸದವನಾದ್ದರಿಂದ ಲೋಹದ ಬಗ್ಗೆ ಸ್ವಲ್ಪ ಹೆಚ್ಚು ಹೇಳುವುದಕ್ಕೆ ಅನುಮತಿ ಕೊಡಿ. ನಿಮ್ಮ ಮಾವನವರ ಸೈನಿಕರನ್ನು ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿದ್ದು, ತಲೆಯ ಮೇಲೋ ಬುಡದಲ್ಲೋ ಸಣ್ಣ ತೂತಿದ್ದರೆ ಅವು ಟೊಳ್ಳು ಎರಕದವು. ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆ 1893ರಲ್ಲಿ ಆರಂಭಿಸಿದ ವಿಧಾನ ಅದು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದರೆ ಅಚ್ಚಿನ ಗೋಡೆಗೆ ತಾಗಿದ ಭಾಗ ಮೊದಲು ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಅಚ್ಚನ್ನು ಬೋರಲು ಹಾಕಿದರೆ ನಡುವಿನ ದ್ರವ ಹೊರಗೆ ಬಂದು ತೆಳುವಾದ ಚಿಪ್ಪು ಉಳಿಯುತ್ತದೆ. ಲೋಹ ಕಡಿಮೆ, ಬೆಲೆ ಕಡಿಮೆ, ಸಾಗಣೆಯ ತೂಕವೂ ಕಡಿಮೆ. ಅಲ್ಲಿಯವರೆಗೆ ಜರ್ಮನಿಯ ಗಟ್ಟಿ ಎರಕದ ಸೈನಿಕರು ಹಿಡಿದಿದ್ದ ಮಾರುಕಟ್ಟೆಯನ್ನು ಬ್ರಿಟನ್ಸ್ ಗೆದ್ದದ್ದು ಈ ಕೈಚಳಕದಿಂದ. ಅಚ್ಚನ್ನು ಬೋರಲು ಹಾಕಬೇಕಾದ ಆ ಕ್ಷಣವನ್ನು ಕೆಲಸಗಾರರು ಕೈ ಅಭ್ಯಾಸದಿಂದಲೇ ಹಿಡಿಯುತ್ತಿದ್ದರೆಂದು ಯೋಚಿಸಿದಾಗ ನನಗೆ ಆ ಕುಶಲತೆಯ ಬಗ್ಗೆ ಬಹಳ ಗೌರವ ಮೂಡುತ್ತದೆ.

ಫಿರಂಗಿ ಬೇರೆ ಲೋಹದ್ದಾಗಿರಬಹುದು. ಸತುವಿನ ಮಿಶ್ರಲೋಹದಲ್ಲಿ ಸೀಸ ಅಥವಾ ತವರ ಅಲ್ಪಸ್ವಲ್ಪ ಬೆರೆತುಹೋಗಿದ್ದರೆ ವರ್ಷಗಳ ನಂತರ ಅದು ಒಳಗಿನಿಂದಲೇ ಬಿರುಕುಬಿಟ್ಟು ಉಬ್ಬುತ್ತದೆ, ತೇವವಿದ್ದರೆ ಇನ್ನೂ ಬೇಗ. ಅದಕ್ಕೆ ಮದ್ದಿಲ್ಲ. ಇಂಥ ಸತುವಿನ ಎರಕದ ಹಳೆಯ (ಡೈಕಾಸ್ಟ್) ಫಿರಂಗಿಗಳನ್ನು ಕೊಳ್ಳುವಾಗ ನಳಿಕೆಯುದ್ದಕ್ಕೂ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿಯೇ ಹಣ ಕೊಡಿ.

ನಿವೃತ್ತ ಗನ್ನರ್, ಹೊಸನಗರ

ಭದ್ರಾವತಿಯವರ ಮಾತಿಗೆ ಪೂರಕವಾಗಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟನ್ನು ನಂಬಿ ತೇವ ಹೀರುವ ಯಂತ್ರ ಇಡುವುದು ವ್ಯರ್ಥ. ಮುಚ್ಚಳಕ್ಕೆ ರಬ್ಬರ್ ಅಂಚಿರುವ ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮಾಪಕವೊಂದನ್ನು ಇಡುತ್ತೇನೆ. ಅದು ಶೇ. 50ರ ಒಳಗಿದ್ದರೆ ನೆಮ್ಮದಿ. ಬಣ್ಣ ಬದಲಿಸುವ ಹರಳುಗಳನ್ನೇ ಕೊಳ್ಳಿ. ಬಣ್ಣ ಬದಲಾದಾಗ ಅವುಗಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿದರೆ ಮತ್ತೆ ಮತ್ತೆ ಬಳಸಬಹುದು. ಪುನರ್ವಸು, ಪುಷ್ಯ ಮಳೆಗಳಲ್ಲಿ ಬಿಸಿಲನ್ನು ಕಾಯುತ್ತ ಕುಳಿತರೆ ಆಗುವುದಿಲ್ಲ.

ಗುಡಿಗಾರರ ಓಣಿ, ಸಾಗರ

ನಮ್ಮದು ಗಂಧದ ಕೆತ್ತನೆಯ ಮನೆತನ. ಪ್ರತಿಮೆಗಳಿಗೆ ಬಣ್ಣ ಹಚ್ಚುವುದು ನನಗೆ ಕೆತ್ತನೆಯ ಜೊತೆಗೆ ಬಂದ ಇನ್ನೊಂದು ಪ್ರೀತಿ. ಬಣ್ಣದ ಬಗ್ಗೆ ಇದುವರೆಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ.

ಫಿರಂಗಿಯ ಸೆಟ್‌ನಲ್ಲಿ ಬಣ್ಣವೂ ಕಥೆ ಹೇಳುತ್ತದೆ. 25 ಪೌಂಡರಿನ ಸ್ಫೋಟಕ ಗುಂಡುಗಳು ಯುದ್ಧಕಾಲದಲ್ಲಿ ಮಣ್ಣುಹಳದಿ ಬಣ್ಣದವು, ಹೊಗೆಗುಂಡುಗಳು ಹಸಿರು, ಟ್ಯಾಂಕ್ ಭೇದಿಸುವ ಗುಂಡುಗಳು ಕಪ್ಪು. ಎಲ್ಲ ಗುಂಡುಗಳಿಗೂ ಹಿತ್ತಾಳೆಯ ಬಣ್ಣ ಬಳಿದಿರುವ ಸೆಟ್‌ಗಳನ್ನು ನೋಡಿದ್ದೇನೆ. ಹಿತ್ತಾಳೆ ತೋಟೆಗೆ ಮಾತ್ರ ಸಲ್ಲಬೇಕು. ತೋಟೆಯೊಳಗಿನ ಮದ್ದಿನ ಚೀಲಗಳಿಗೂ ಬಣ್ಣದ ಗುರುತಿದೆ: ಮೊದಲನೆಯದು ಕೆಂಪು, ಎರಡನೆಯದು ಬಿಳಿ, ಮೂರನೆಯದು ನೀಲಿ. ಹೊಡೆಯಬೇಕಾದ ದೂರಕ್ಕೆ ತಕ್ಕಂತೆ ಚೀಲಗಳನ್ನು ಬಿಡುತ್ತಾರೆ ಅಥವಾ ತೆಗೆಯುತ್ತಾರೆ. ಆದ್ದರಿಂದ ಐದನೆಯವನ ಪಕ್ಕದಲ್ಲಿ ತೆಗೆದಿಟ್ಟ ನೀಲಿ ಚೀಲವೊಂದನ್ನು ಅಕ್ಕಿಕಾಳಿನಷ್ಟು ಮಾಡಿ ಇಟ್ಟರೆ, ಅಂದು ಗುರಿ ಹತ್ತಿರದಲ್ಲಿತ್ತೆಂದು ಬಲ್ಲವರಿಗೆ ತಿಳಿಯುತ್ತದೆ. ಇಂಥ ಒಂದು ವಿವರಕ್ಕಾಗಿ ಇಡೀ ಸಂಜೆ ಕೂರುವುದು ನನಗೆ ಸಂತೋಷವೇ.

ಮೈಬಣ್ಣದ ವಿಷಯದಲ್ಲಿ ನನ್ನದೊಂದು ಕಳಕಳಿಯಿದೆ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಯಲ್ಲಿ 25 ಲಕ್ಷ ಜನ ಸೇವೆ ಸಲ್ಲಿಸಿದರು. ಆದರೂ ಭಾರತೀಯ ಗನ್ನರುಗಳ ಸೆಟ್‌ಗಳು ಸಿಗುವುದು ಅಪರೂಪ. ಬ್ರಿಟಿಷ್ ಎಂಟನೆಯ ಸೇನೆಯ ಸೆಟ್ ಕೊಂಡು ಮುಖಕ್ಕೆ ಕಂದು ಬಳಿದರೆ ಅದು ಭಾರತೀಯ ಗನ್ನರ್ ಆಗುವುದಿಲ್ಲ. ಕಂದಿನೊಳಗೆ ಕೆಂಪಿರಬೇಕು, ಕೆನ್ನೆಯ ಮೂಳೆಯ ಮೇಲೆ ಹಳದಿಯ ಮಿಂಚಿರಬೇಕು, ಗಡ್ಡದ ನೆರಳಿಗೆ ನೀಲಿ ಬೆರೆಸಬೇಕು. ನಾನು ಬಳಸುವುದು ಸ್ಪೇನಿನ ವಲ್ಲೆಹೋ ಬಣ್ಣಗಳನ್ನು. ನೀರಿನಲ್ಲಿ ತೆಳುವಾಗಿಸಿ ಪದರ ಪದರವಾಗಿ ಹಚ್ಚುತ್ತೇನೆ. ಮಳೆಗಾಲದಲ್ಲಿ ಒಂದು ಪದರ ಪೂರ್ತಿ ಒಣಗುವ ಮೊದಲು ಇನ್ನೊಂದನ್ನು ಹಚ್ಚಿದರೆ ಕೆಳಗಿನದು ಎದ್ದುಬರುತ್ತದೆ, ಆದ್ದರಿಂದ ಅವಸರ ಬೇಡ. ಸ್ಪ್ರೇ ವಾರ್ನಿಷನ್ನು ಗಾಳಿಯಲ್ಲಿ ತೇವವಿರುವಾಗ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಅದನ್ನು ದೀಪಾವಳಿಯ ನಂತರದ ಒಣ ಹವೆಗೆ ಬಿಟ್ಟುಬಿಡುತ್ತೇನೆ.

ಮೇಡಂ ಅವರ ಹಳೆಯ ಸೈನಿಕರಿಗೆ ಹೊಸದಾಗಿ ಬಣ್ಣ ಹಚ್ಚಿಕೊಡಬಲ್ಲೆ, ಬೇಕಾದರೆ ತಿಳಿಸಿ.

ತುಂಗಾತೀರ, ಶಿವಮೊಗ್ಗ

ಸಾಗರದವರ ಔದಾರ್ಯಕ್ಕೆ ವಂದನೆ. ಆದರೆ ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಆ ಸೈನಿಕರು ನಿಜವಾಗಿಯೂ ಬ್ರಿಟನ್ಸ್ ಕಾಲದವಾಗಿದ್ದರೆ ದಯವಿಟ್ಟು ಹೊಸ ಬಣ್ಣ ಬೇಡ. ಸಂಗ್ರಹಕಾರರು ಹಳೆಯ ಟೊಳ್ಳು ಎರಕದ ಸೈನಿಕನಲ್ಲಿ ಬೆಲೆ ಕೊಡುವುದು ಅದರ ಮೂಲ ಹೊಳಪು ಬಣ್ಣಕ್ಕೆ, ಅದು ಅಲ್ಲಲ್ಲಿ ಉದುರಿದ್ದರೂ ಸರಿ. ಅಂದು ಆ ಬಣ್ಣ ಹಚ್ಚಿದವರ ಕೈಗುರುತು ಅದರಲ್ಲಿ ಉಳಿದಿದೆ. 1966ರ ಹೊತ್ತಿಗೆ ಸೀಸದ ಆಟಿಕೆಗಳ ತಯಾರಿಕೆಯೇ ನಿಂತುಹೋದದ್ದರಿಂದ ಅಂಥವು ಇನ್ನು ಹುಟ್ಟುವುದೂ ಇಲ್ಲ. ಪುಡಿಯನ್ನು ತೆಗೆದು, ಒಣ ಜಾಗದಲ್ಲಿಟ್ಟು, ಹಾಗೆಯೇ ಉಳಿಸಿಕೊಳ್ಳಿ. ಹೇಸರಗತ್ತೆಗಳ ಮೇಲೆ ಬಿಡಿಭಾಗಗಳಾಗಿ ಹೇರಿದ ಫಿರಂಗಿಯೇನಾದರೂ ಜೊತೆಯಲ್ಲಿದೆಯೇ ಎಂದೂ ನೋಡಿ. ಬ್ರಿಟನ್ಸ್‌ನವರು 1890ರ ದಶಕದಲ್ಲಿಯೇ ಬೆಟ್ಟದ ಫಿರಂಗಿದಳದ ಸೆಟ್ ತಂದಿದ್ದರು, ಅದು ದೀರ್ಘಕಾಲ ಮಾರಾಟವಾಯಿತು.

ಮಳೆಸೀಮೆ, ಆಗುಂಬೆ ಹತ್ತಿರ

ಎಲ್ಲರಿಗೂ ಧನ್ಯವಾದಗಳು. ಪ್ಲೈವುಡ್ ಬೀರುವಿನಿಂದ ತೆಗೆದು ಗಾಜಿನ ಭರಣಿಗಳಲ್ಲಿ ಇರಿಸಿದ್ದೇನೆ. ತಲೆಯ ಮೇಲೆ ತೂತಿದೆ. ಹೇಸರಗತ್ತೆ ಒಂದು ಇದೆ, ಅದರ ಬೆನ್ನ ಮೇಲೆ ಚಕ್ರ ಕಟ್ಟುವ ಕೊಂಡಿಗಳಿವೆ, ಚಕ್ರಗಳಿಲ್ಲ. ಬಣ್ಣ ಹಚ್ಚಿಸುವುದಿಲ್ಲ.

ಗುಡಿಗಾರರ ಓಣಿ, ಸಾಗರ

ತುಂಗಾತೀರ ಅವರ ಮಾತು ಸರಿ, ಒಪ್ಪಿದೆ. ಬೆಟ್ಟದ ಫಿರಂಗಿಯ ವಿಷಯ ಬಂದದ್ದರಿಂದ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇರುವ ಒಂದು ಯೋಜನೆಯನ್ನು ಇಲ್ಲಿ ಇಡುತ್ತೇನೆ.

3.7 ಇಂಚಿನ ಬೆಟ್ಟದ ಹೊವಿಟ್ಜರ್ ಎಂಬ ಗಿಡ್ಡ ನಳಿಕೆಯ ಫಿರಂಗಿ ಎಂಟು ಹೇಸರಗತ್ತೆಗಳ ಮೇಲೆ ಹೇರಬಹುದಾದಂತೆ ಬಿಡಿಯಾಗುತ್ತಿತ್ತು. ಬರ್ಮಾದ ಕಾಡುಗಳಲ್ಲಿ ಭಾರತೀಯ ಬೆಟ್ಟದ ಬ್ಯಾಟರಿಗಳು, ಅಂದರೆ ಫಿರಂಗಿ ತುಕಡಿಗಳು, ಹೋರಾಡಿದ್ದು ಅದರಿಂದ. ಹವಿಲ್ದಾರ್ ಉಮ್ರಾವ್ ಸಿಂಗ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕ ಬಂದದ್ದೂ ಆ ಫಿರಂಗಿಯ ಬಳಿ ನಿಂತು ಹೋರಾಡಿದ್ದಕ್ಕೆ. 1944ರ ಡಿಸೆಂಬರ್ 15 ಮತ್ತು 16ರಂದು ಕಲಾದಾನ್ ಕಣಿವೆಯಲ್ಲಿ ನಡೆದ ಘಟನೆ ಅದು. ಒಂದೂವರೆ ಗಂಟೆ ಕಾಲ 75 ಮಿ.ಮೀ. ಫಿರಂಗಿ ಮತ್ತು ಮಾರ್ಟರುಗಳ ದಾಳಿ, ಆಮೇಲೆ ಜಪಾನಿನ ಎರಡು ಕಂಪನಿಗಳ ಆಕ್ರಮಣ. ಕೊನೆಯ ಆಕ್ರಮಣದ ಹೊತ್ತಿಗೆ ಮದ್ದುಗುಂಡು ಮುಗಿದು, ಫಿರಂಗಿಯ ಭಾಗಗಳನ್ನು ಹೊರಲು ಬಳಸುವ ಸರಳನ್ನೇ ಕೈಗೆತ್ತಿಕೊಂಡು ಅವರು ಶತ್ರುಗಳ ಮೇಲೆ ಬಿದ್ದರು. ಆರು ಗಂಟೆಗಳ ನಂತರ ಏಳು ತೀವ್ರ ಗಾಯಗಳೊಂದಿಗೆ ಅವರು ಫಿರಂಗಿಯ ಪಕ್ಕದಲ್ಲಿ ಸಿಕ್ಕಾಗ ಸುತ್ತ ಹತ್ತು ಮಂದಿ ಜಪಾನಿ ಸೈನಿಕರ ಶವಗಳಿದ್ದವು.

ಇದನ್ನು 1:35ರಲ್ಲಿ ಮಾಡಬೇಕು. ಸರಳು ಎತ್ತಿದ ಆ ಭಂಗಿಯನ್ನು ನಾನೇ ಕೆತ್ತಬಲ್ಲೆ. ಆದರೆ ಒಂದು ಅನುಮಾನ ಕಾಡುತ್ತಿದೆ: ಫಿರಂಗಿ ಕೆಲಸ ಮಾಡದೆ ನಿಂತಿರುವ ದೃಶ್ಯವನ್ನು ಫಿರಂಗಿಯ ಪ್ರತಿಮೆ ಎನ್ನಬಹುದೇ? ತುಂಗಾತೀರ ಅವರ ಪರೀಕ್ಷೆಗೆ ಅದು ನಿಲ್ಲುವುದೇ?

ನಿವೃತ್ತ ಗನ್ನರ್, ಹೊಸನಗರ

ಈ ಪ್ರಶ್ನೆಗೆ ನಾನು ಉತ್ತರ ಹೇಳಲೇಬೇಕು.

ಪದಾತಿದಳದ ರೆಜಿಮೆಂಟಿಗೆ ಧ್ವಜವಿರುವಂತೆ ನಮಗೆ ಫಿರಂಗಿಯೇ ಧ್ವಜ. ಅದನ್ನು ಶತ್ರುವಿಗೆ ಬಿಟ್ಟುಕೊಡುವುದಿಲ್ಲ ಎಂಬುದು ನಮಗೆ ಮೊದಲ ದಿನದಿಂದ ಕಲಿಸುವ ಪಾಠ. ಗುಂಡು ತುಂಬುವುದು ಎಷ್ಟು ಗನ್ನರನ ಕೆಲಸವೋ, ಗುಂಡು ಮುಗಿದ ಮೇಲೆ ಫಿರಂಗಿಯನ್ನು ಕಾಯುವುದೂ ಅಷ್ಟೇ ಗನ್ನರನ ಕೆಲಸ. ಹಾಗಾಗಿ ಅದು ಫಿರಂಗಿಯ ದೃಶ್ಯವೇ, ಅನುಮಾನ ಬೇಡ.

ಆದರೂ ಕೊನೆಯ ಕಾಳಗವನ್ನು ಕೆತ್ತಬೇಡಿ ಎಂದು ನನ್ನ ವಿನಂತಿ. ಅದರಲ್ಲಿ ಒಬ್ಬರೇ ಕಾಣುತ್ತಾರೆ. ಪದಕದ ಉಲ್ಲೇಖವನ್ನು ಗಮನವಿಟ್ಟು ಓದಿದರೆ ಎರಡನೆಯ ಆಕ್ರಮಣದ ವಿವರ ಸಿಗುತ್ತದೆ. ಮೊದಲನೆಯದರಲ್ಲಿಯೇ ಗ್ರೆನೇಡಿನಿಂದ ಎರಡು ಬಾರಿ ಗಾಯಗೊಂಡಿದ್ದ ಉಮ್ರಾವ್ ಸಿಂಗ್, ತಮ್ಮ ಜನರ ಬಂದೂಕುಗಳು ಯಾವಾಗ ಎಲ್ಲಿಗೆ ಹೊಡೆಯಬೇಕೆಂದು ನಿರ್ದೇಶಿಸುತ್ತ, ತಾವೇ ಬ್ರೆನ್ ಗನ್ ಎಂಬ ಹಗುರ ಮೆಷಿನ್ ಗನ್ ಹಿಡಿದು ಫಿರಂಗಿಯ ಕವಚದ ಮೇಲಿನಿಂದ ಹೊಡೆದರು. ಶತ್ರು ಐದು ಗಜದಷ್ಟು ಹತ್ತಿರ ಬಂದಿದ್ದ. ಅಲ್ಲಿ ಸಿಬ್ಬಂದಿ ಇದೆ, ಫಿರಂಗಿ ಇದೆ, ಒಂದನೆಯವನು ತನ್ನ ಜನರನ್ನು ನಡೆಸುತ್ತಿದ್ದಾನೆ. ಎಲ್ಲರೂ ಒಂದೇ ಕ್ಷಣದಲ್ಲಿದ್ದಾರೆ. ಕೆತ್ತಬೇಕಾದದ್ದು ಅದು.

ಎರಕದ ಮನೆ, ಭದ್ರಾವತಿ

ಹೊಸನಗರದವರ ಆಯ್ಕೆ ನನಗೂ ಒಪ್ಪಿಗೆ. ಕವಚವನ್ನು ತೆಳು ಹಿತ್ತಾಳೆಯ ತಗಡಿನಲ್ಲಿ ಕತ್ತರಿಸಿಕೊಡುತ್ತೇನೆ. ರೆಸಿನ್ನಿನಲ್ಲಿ ಎರಕ ಹೊಯ್ದರೆ ಅಷ್ಟು ತೆಳುವಾಗಿ ಬರುವುದಿಲ್ಲ, ಬಂದರೂ ಬೇಸಿಗೆಯಲ್ಲಿ ಬಾಗುತ್ತದೆ. ಬ್ರೆನ್ ಗನ್ನಿನ ಕಾಲುಗಳು ಕವಚದ ಅಂಚಿನ ಮೇಲೆ ಕೂರುವುದಾದರೆ ಅಂಚಿಗೆ ಬಲ ಬೇಕು. ಉಳಿದ ಭಾಗಗಳಿಗೆ ಸೀಸವಿಲ್ಲದ ತವರದ ಮಿಶ್ರಲೋಹ ಬಳಸೋಣ, ನಮ್ಮ ಹವೆಗೆ ಅದೇ ಕ್ಷೇಮ.

ನೆಲಕ್ಕೆ ನಿಜವಾದ ಮಣ್ಣು, ಪಾಚಿ, ಬೇರುಗಳನ್ನು ಬಳಸುವುದಾದರೆ ಮೊದಲು ಒಲೆಯ ಶಾಖದಲ್ಲಿ ಚೆನ್ನಾಗಿ ಒಣಗಿಸಿರಿ. ಹಸಿ ಪಾಚಿಯನ್ನು ಮುಚ್ಚಿದ ಗಾಜಿನೊಳಗೆ ಇಟ್ಟರೆ ಬೂಷ್ಟನ್ನು ನಾವೇ ಒಳಗೆ ಕರೆದಂತಾಗುತ್ತದೆ.

ಮಳೆಸೀಮೆ, ಆಗುಂಬೆ ಹತ್ತಿರ

ಒಂದು ಸಲಹೆ. ನಮ್ಮದೇ ಜಿಲ್ಲೆಯ ಬಿದನೂರು ನಗರದ ಹಳೆಯ ಬಾವಿಯಲ್ಲಿ 2018ರಲ್ಲಿ ಮೈಸೂರು ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ. ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಕಟ್ಟಿ ಹಾರಿಸುವ ಆ ದಳದ ಪ್ರತಿಮೆಗಳನ್ನೂ ಯಾರಾದರೂ ಮಾಡಬಾರದೇ?

ತುಂಗಾತೀರ, ಶಿವಮೊಗ್ಗ

ಖಂಡಿತ ಮಾಡಬೇಕು. ಅದಕ್ಕೆ ಬೇರೆಯೇ ಚರ್ಚೆ ಬೇಕಾಗುತ್ತದೆ. ಕೊಳವೆಗಳ ಅಳತೆಯನ್ನು ಇಲ್ಲಿನ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯದಲ್ಲಿ ವಿಚಾರಿಸಿ, ಹೊಸ ವಿಷಯವಾಗಿ ಆರಂಭಿಸುತ್ತೇನೆ.

ಕಲಾದಾನ್ ದೃಶ್ಯಕ್ಕೆ ಬರೋಣ. ಐದು ಗಜವೆಂದರೆ ಸುಮಾರು 4.6 ಮೀಟರ್, 1:35ರಲ್ಲಿ 13 ಸೆಂ.ಮೀ. ಹಾಗಾಗಿ ಕವಚದ ಮುಂದೆ ಅಷ್ಟು ನೆಲ ಇರಲೇಬೇಕು. ಅಲ್ಲಿ ಜಪಾನಿ ಸೈನಿಕರನ್ನು ಇಡಬೇಕೆ ಎಂದು ಸಾಗರದವರು ಖಾಸಗಿಯಾಗಿ ಕೇಳಿದ್ದಾರೆ. ಬೇಡವೆಂದು ನನ್ನ ಅಭಿಪ್ರಾಯ. ಹಲಗೆಯ ಅಂಚನ್ನು ಆ 13 ಸೆಂ.ಮೀ.ಗೆ ಸರಿಯಾಗಿ ಕತ್ತರಿಸಿದರೆ ಎದುರಾಳಿ ನಿಂತ ಜಾಗ ನೋಡುಗರ ಜಾಗವೇ ಆಗುತ್ತದೆ, ಮತ್ತು ಬ್ರೆನ್ ಗನ್ನಿನ ಬಾಯಿ ನೇರವಾಗಿ ನಮ್ಮ ಕಡೆಗೆ ತಿರುಗಿರುತ್ತದೆ.

ಸಿಬ್ಬಂದಿಯನ್ನು ಕವಚದ ಎರಡೂ ಬದಿಗಳಲ್ಲಿ, ಫಿರಂಗಿಯ ಬಾಲದ ಹತ್ತಿರ ತಗ್ಗಾಗಿ ಕೂರಿಸೋಣ. ಉಡುಪು ಖಾಕಿಯಲ್ಲ, ಆ ಹೊತ್ತಿಗೆ ಬರ್ಮಾದಲ್ಲಿ ಬಳಕೆಗೆ ಬಂದಿದ್ದ ಕಾಡುಹಸಿರು. ಬೆವರಿನಿಂದ ಬೆನ್ನಿನ ಮೇಲೆ ಗಾಢವಾಗಿರಲಿ. ಹೊರುವ ಸರಳು ಬಾಲದ ಪಕ್ಕದಲ್ಲಿ ನೆಲದ ಮೇಲಿರಲಿ, ಯಾರೂ ಅದನ್ನು ಮುಟ್ಟಿರಬಾರದು. ಭದ್ರಾವತಿಯವರು ಕವಚದ ಅಂಚಿನ ಎತ್ತರವನ್ನು ತಿಳಿಸಿದ ಮೇಲೆ ಸಾಗರದವರು ಹವಿಲ್ದಾರರ ಮೊಣಕೈ ಎಲ್ಲಿ ಬರಬೇಕೆಂದು ನಿರ್ಧರಿಸಿ, ಮೊದಲು ಮೇಣದಲ್ಲಿ ಕೆತ್ತಿ ಚಿತ್ರ ಹಾಕಲಿ. ಕಣ್ಣುಗಳು ಎಲ್ಲಿ ನೋಡುತ್ತಿವೆ ಎಂಬುದನ್ನು ಹೊಸನಗರದವರು ಪರಿಶೀಲಿಸಿದ ನಂತರವೇ ಎರಕಕ್ಕೆ ಕಳಿಸೋಣ.